ಬೀಳ್ಕೊಡುಗೆಗೆ ನಾನು ಕಟ್ಟಿದ ಮಸಾಲೆ ಗಂಟು

ಮಸಾಲೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ತಾತ ಚಿಕ್ಕಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಇಟ್ಟಿದ್ದವರು. ಲವಂಗ ಯಾವುದು, ಮರಾಠಿ ಮೊಗ್ಗು ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು ನಾನು. ಬಲ್ಲವನಾಗಿದ್ದೆ ಅನ್ನಿ.

ಆ ಜನವರಿಯಲ್ಲಿ ನನಗೆ ಕೊರೋನಾ ಬಂದು ಹೋಯಿತು. ಹೋಗುವಾಗ ದರಿದ್ರದ್ದು ಸುಮ್ಮನೆ ಹೋಗಲಿಲ್ಲ, ಮೂಗಿನ ಶಕ್ತಿಯನ್ನೂ ಎತ್ತಿಕೊಂಡು ಹೋಯಿತು. ಕಾಫಿ, ಕರ್ಪೂರ, ಕೊಳೆತ ಈರುಳ್ಳಿ, ಎಲ್ಲವೂ ಒಂದೇ! ನನ್ನ ಹೆಂಡತಿ ಸುಧಾ ಇಲ್ಲೇ ಐರ್ಲೆಂಡಿನಲ್ಲಿ, ಬ್ಲಾಂಚರ್ಡ್ಸ್‌ಟೌನಿನ ಆಸ್ಪತ್ರೆಯಲ್ಲಿ ಡಾಕ್ಟರ್. ಕ್ರಿಸ್ಮಸ್ ರಜೆಯಲ್ಲಿ ಗೆಳೆಯರ ಮನೆಗೆ ಇಸ್ಪೀಟಾಡಲು ಹೋಗಬೇಡಿ ಎಂದು ಬಡಕೊಂಡಿದ್ದಳು. ಹೋಗಿದ್ದೆ. "ನಾನು ಆವತ್ತೇ ಹೇಳಿದ್ದೆ" ಎಂಬ ಮಾತನ್ನು ಜ್ವರವಿಳಿಯುವವರೆಗೆ ಕೇಳಿ ಕೇಳಿ ತಲೆ ಕೆಟ್ಟಿತ್ತು. ಹಾಗಾಗಿ ಒಂದು ದಿನ ಸಾರು ಬಡಿಸುತ್ತಾ ಅವಳು "ವಾಸನೆ ಬಂತೇನ್ರೀ?" ಎಂದು ಕೇಳಿದಾಗ, "ಬಂತು! ಘಮ್ ಅಂತಿದೆ!" ಎಂದುಬಿಟ್ಟೆ. ಒಮ್ಮೆ ಅಂದ ಮೇಲೆ ದಿನಾ ಅನ್ನಲೇಬೇಕಾಯಿತು.

ನಾನು ಏರ್‌ಪೋರ್ಟಿನ ಒಂದು ಆಫೀಸಿನಲ್ಲಿದ್ದವನು. ವಿಮಾನವೇ ಹಾರದಿದ್ದ ಮೇಲೆ ನನ್ನನ್ನಿಟ್ಟುಕೊಂಡು ಏನು ಮಾಡುತ್ತಾರೆ? ಸ್ವೋರ್ಡ್ಸ್ ಎಂಬ ಊರಿನ ಬಾಡಿಗೆ ಮನೆಯಲ್ಲಿ ಕೂತು ಕಂಡಕಂಡದ್ದಕ್ಕೆಲ್ಲ ಸಿಟ್ಟು ಮಾಡುವುದೇ ಕೆಲಸವಾಯಿತು. ಸರ್ಕಾರದ ಮೇಲೆ ಸಿಟ್ಟು, ಮಾಸ್ಕನ್ನು ಗಡ್ಡಕ್ಕೆ ಹಾಕುವವರ ಮೇಲೆ ಸಿಟ್ಟು, ಊರೇ ಮುಳುಗುತ್ತಿದ್ದರೂ ಎಲ್ಲ ಚೆನ್ನಾಗಿದೆ ಎಂಬಂತೆ "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುವ ಈ ದೇಶದ ಮೇಲೆ ಸಿಟ್ಟು.

ಪಕ್ಕದ ಮನೆಯ ಮಿರಿಯಂ ಇದನ್ನೆಲ್ಲ ಬೇಲಿಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಅವಳು ಯೆಹೂದಿ. ತಮ್ಮವರ ಮಕ್ಕಳಿಗೆ ಪ್ರತಿ ಬೇಸಿಗೆ ಕ್ಯಾಂಪ್ ನಡೆಸುತ್ತಾಳೆ. ಈ ದೇಶದಲ್ಲಿ ಅವರ ಮನೆಗಳು ಅಲ್ಲೊಂದು ಇಲ್ಲೊಂದು. ಆ ಮಕ್ಕಳಿಗೆ ತಮ್ಮಂಥವರು ಸಿಗುವುದೇ ಕ್ಯಾಂಪಿನಲ್ಲಿ. ಹಿಂದಿನ ಬೇಸಿಗೆ ಅದೂ ರದ್ದಾಗಿತ್ತು. ಈ ಸಲ ಕಾಡಿಬೇಡಿ ಊರಾಚೆ ಒಂದು ಆಟದ ಮೈದಾನ ಹಿಡಿದಿದ್ದಳು. ಮೈದಾನದ ಬೀಗದ ಕೈ ಬ್ರೆಂಡನ್ ಎಂಬ ಹಿರಿಯರದು. ಅವರದು ಒಂದೇ ಷರತ್ತು: ಕ್ಯಾಂಪಿನಲ್ಲಿ ಕಾಯಿಲೆ ಕಂಡರೆ ಬೀಗ, ಮುಂದಿನ ವರ್ಷವೂ ಕೊಡುವುದಿಲ್ಲ.

"ಗೇಟಿನಲ್ಲಿ ನಿಲ್ಲೋಕೆ ನೀವು ಬರ್ತೀರಾ?" ಎಂದಳು ಮಿರಿಯಂ. "ನಿಮ್ಮಷ್ಟು ಸಿಡುಕು ಮುಖದವರು ನನಗೆ ಬೇರೆ ಯಾರೂ ಗೊತ್ತಿಲ್ಲ."

ಹೊಗಳಿಕೆ ಎಂದೇ ತೆಗೆದುಕೊಂಡೆ. ಜ್ವರ ನೋಡುವ ಪಿಸ್ತೂಲು ಹಿಡಿದು ಬೇಸಿಗೆಯುದ್ದಕ್ಕೂ ನಿಂತೆ. ಜ್ವರ ಇದೆಯಾ? ಕೆಮ್ಮು? ವಾಸನೆ ಗೊತ್ತಾಗ್ತಿದೆಯಾ? ಒಂದೊಂದು ಮಗುವನ್ನೂ ಕೇಳುತ್ತಿದ್ದೆ. ನಾನು! ಗಂಟಲಲ್ಲಿ ಬಿಸ್ಕತ್ತಿನ ಚೂರು ಸಿಕ್ಕಿ ಕೆಮ್ಮಿದ ಹುಡುಗಿಯನ್ನೂ ಮನೆಗೆ ಅಟ್ಟಿದೆ. ನಿಯಮ ಅಂದರೆ ನಿಯಮ!

ಕ್ಯಾಂಪ್ ಮುಗಿಯುವುದು ಶನಿವಾರ ಸಂಜೆ. ಶನಿವಾರ ಅವರ ವಿಶ್ರಾಂತಿಯ ದಿನ. ಅದನ್ನು ಬೀಳ್ಕೊಡುವಾಗ ಹೆಣೆದ ಮೇಣದಬತ್ತಿ ಹಚ್ಚಿ, ಪ್ರಾರ್ಥನೆ ಹೇಳಿ, ಮಸಾಲೆಯ ಪರಿಮಳ ಮೂಸುತ್ತಾರೆ. ಮಸಾಲೆಯ ಡಬ್ಬಿ ಒಂದೇ, ಮೂಗಿನಿಂದ ಮೂಗಿಗೆ ಹೋಗುತ್ತದೆ. ಕೊರೋನಾ ಕಾಲದಲ್ಲಿ ಅದು ಆಗುವ ಮಾತೇ? ಮಗುವಿಗೊಂದು ಗಂಟು ಕಟ್ಟಬೇಕೆಂದು ಮಿರಿಯಂ ಹೊರಟಳು. ನಾನು ಬಿಡುತ್ತೇನೆಯೇ?

"ಆ ಕೆಲಸ ನನಗೆ ಬಿಡಿ!" ಎಂದೆ.

"ನಾಲ್ಕು ಲವಂಗ, ಒಂದು ಚೂರು ಚಕ್ಕೆ ಸಾಕು."

ನನಗೆ ಉರಿದುಹೋಯಿತು. ನಾಲ್ಕು ಲವಂಗ! ಗ್ರಂಧಿಗೆ ಅಂಗಡಿಯವರ ಮೊಮ್ಮಗ ನಾಲ್ಕು ಲವಂಗ ಕೊಡುವುದೇ? ನಮ್ಮ ಅತ್ತೆ ಊರಿನಿಂದ ಕಳಿಸಿದ ಪಲಾವ್ ಮಸಾಲೆ ಪುಡಿಯನ್ನೇ ಕೊಡುವುದೆಂದು ತೀರ್ಮಾನಿಸಿದೆ. ಅತ್ತೆ ಕಳಿಸಿದ್ದು ಒಂದೇ ಥರದ ಎರಡು ಸ್ಟೀಲ್ ಡಬ್ಬಿ. ಒಂದರಲ್ಲಿ ಪಲಾವ್ ಮಸಾಲೆ. ಇನ್ನೊಂದರಲ್ಲಿ ಕೊರೋನಾಕ್ಕೆಂದೇ ಕುಟ್ಟಿಸಿದ ಕಷಾಯದ ಪುಡಿ: ಕಾಳುಮೆಣಸು, ಒಣಶುಂಠಿ, ಹಿಪ್ಪಲಿ. ಎರಡೂ ಕಂದು. ಮೂಗಿದ್ದವನಿಗೆ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತಿತ್ತು.

ಡ್ಯೂಟಿಗೆ ಹೊರಟಿದ್ದ ಸುಧಾ ಹಜಾರದಿಂದಲೇ ಕೂಗಿದಳು. "ರೀ, ಮೂಸಿ ನೋಡಿ ತಗೊಳ್ಳಿ."

"ನೋಡಿದೆ!" ಎಂದು, ಮಕ್ಕಳಿಗೆ ಕೊಡುವ ಪದಾರ್ಥವೆಂದು ಹಾಕಿಕೊಂಡಿದ್ದ ಮಾಸ್ಕಿನೊಳಗಿಂದಲೇ ಗದರಿದೆ. "ಘಮ್ ಅಂತಿದೆ!"

ಹಳೆಯ ಮಲ್ ಪಂಚೆಯನ್ನು ಚೌಕ ಚೌಕವಾಗಿ ಹರಿದು ಗಂಟು ಕಟ್ಟಿದೆ. ಸೊಳ್ಳೆ ಪರದೆಯಷ್ಟು ತೆಳ್ಳಗಿನ ಪಂಚೆ.

ಸಂಜೆ ಮಕ್ಕಳು ದೂರ ದೂರ ನಿಂತು ವೃತ್ತ ಮಾಡಿದರು. ಹಿಂದೆ ತಂದೆತಾಯಂದಿರು, ಕುರ್ಚಿಯಲ್ಲಿ ಮಿರಿಯಂಳ ವಯಸ್ಸಾದ ತಾಯಿ. ವರ್ಷಕ್ಕೂ ಮೇಲೆ ಮನೆಯೊಳಗೇ ಇದ್ದ ಆಕೆ ಹೊರಬಂದದ್ದು ಇದೇ ಮೊದಲು. ಪಕ್ಕದಲ್ಲಿ ಬೀಗದ ಕೈ ಹಿಡಿದು ಬ್ರೆಂಡನ್. ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೇ ಶುರುಮಾಡಬೇಕಂತೆ. ಐರ್ಲೆಂಡಿನಲ್ಲಿ ಸೂರ್ಯನೇ ಕಾಣುವುದಿಲ್ಲ! ಕೊನೆಗೆ ಗಡಿಯಾರ ನೋಡಿ ಬತ್ತಿ ಹಚ್ಚಿದರು. ಹಾಡುತ್ತಿದ್ದ ಮಕ್ಕಳಲ್ಲಿ ದೊಡ್ಡವರು ಕೆಲವರು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಪ್ರಾರ್ಥನೆ ಮುಗಿಯಿತು. ಮಿರಿಯಂ ನನ್ನನ್ನು ತೋರಿಸಿ, ಮಸಾಲೆ ಇವರ ಮನೆಯದು ಎಂದಳು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನಾನು ಪ್ರಾಣಾಯಾಮ ಹೇಳಿಕೊಟ್ಟೆ!

"ಸುಮ್ಮನೆ ಮೂಸಬಾರದು. ಮೊದಲು ಉಸಿರನ್ನೆಲ್ಲ ಹೊರಗೆ ಬಿಡಿ. ಈಗ ಗಂಟನ್ನು ಮೂಗಿಗೆ ಹಿಡಿದು ಎಳೆಯಿರಿ... ಇನ್ನೂ ಜೋರಾಗಿ!"

ಎಳೆದರು.

ಆಮೇಲೆ ಮೈದಾನವೇ ಸೀನಿತು. ಮಕ್ಕಳು ಸೀನಿದರು, ಗಂಟು ಇಸಿದುಕೊಂಡು ಮೂಸಿದ ಅಮ್ಮಂದಿರು ಕೆಮ್ಮಿದರು, ಯಾರದೋ ಸೀನಿಗೆ ಮೇಣದಬತ್ತಿ ಆರಿತು. ನಾನು ಪಿಸ್ತೂಲು ಹಿಡಿದು ಓಡಾಡಿದೆ. "ಸೀನಿದವರೆಲ್ಲ ಗೇಟಿನಾಚೆ!" ಎಂದು ಕಿರುಚಿದೆ. ಒಳಗೆ ಉಳಿಯುವವನು ನಾನೊಬ್ಬನೇ ಎಂದು ಹೊಳೆಯಲೇ ಇಲ್ಲ.

"ಮಸಾಲೆಯಲ್ಲೇ ಏನೋ..." ಎಂದಳು ಮಿರಿಯಂ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ.

"ನನ್ನ ಮಸಾಲೆ ಬಗ್ಗೆ ಮಾತಾಡಬೇಡಿ!" ಎಂದು ಗುಡುಗಿದೆ. "ಅದು ಶುದ್ಧ ಲವಂಗ, ಚಕ್ಕೆ, ಏಲಕ್ಕಿ. ನಾನೇ ಮೂಸಿ ನೋಡಿದ್ದೇನೆ. ಇದು ಕೊರೋನಾನೇ!"

ತಾತನ ಅಂಗಡಿಯ ಮರ್ಯಾದೆ ಉಳಿಸಲು ಅಷ್ಟು ಮಕ್ಕಳಿಗೂ ಕೊರೋನಾ ಹಚ್ಚಿಬಿಟ್ಟೆ. ಬ್ರೆಂಡನ್ ಬೀಗದ ಕೈಯನ್ನು ಜೇಬಿಗಿಳಿಸಿದರು.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ನನ್ನನ್ನು ಕರೆದೊಯ್ಯಲು ಸುಧಾ ಬಂದಳು. ಕೆಳಗೆ ಬಿದ್ದಿದ್ದ ಒಂದು ಗಂಟನ್ನು ಎತ್ತಿ, ಮೂಗಿನ ಹತ್ತಿರ ತರುವ ಮೊದಲೇ ಮುಖ ತಿರುಗಿಸಿದಳು.

"ರೀ! ಇದು ಅಮ್ಮನ ಕಷಾಯದ ಪುಡಿ!" ಎಂದವಳು ಬ್ರೆಂಡನ್ ಕಡೆ ತಿರುಗಿ, "ಬರೀ ಮೆಣಸು. ಯಾರಿಗೂ ಏನೂ ಆಗಿಲ್ಲ" ಎಂದಳು.

"ನಿಮ್ಮ ಯಜಮಾನರು ಮೂಸಿ ನೋಡಿ ಚಕ್ಕೆ ಅಂತಿದ್ದಾರಲ್ಲ," ಎಂದರು ಬ್ರೆಂಡನ್. "ಯಾರನ್ನು ನಂಬಲಿ?"

ಎಲ್ಲರೂ ನನ್ನನ್ನು ನೋಡಿದರು. ಸುಮ್ಮನಿದ್ದರೆ ಬೀಗದ ಕೈ ಜೇಬಿನಲ್ಲೇ ಉಳಿಯುತ್ತದೆ, ಮಿರಿಯಂಳ ಮಕ್ಕಳಿಗೆ ಮುಂದಿನ ಬೇಸಿಗೆಯೂ ಇಲ್ಲ. ಬಾಯಿ ಬಿಟ್ಟರೆ ಸುಧಾ. ಮಿರಿಯಂ ಬೈದಿದ್ದರೆ ನಾನೂ ಎರಡು ಮಾತು ಬೈದು ಪಾರಾಗುತ್ತಿದ್ದೆ. ಅವಳು ಬೈಯಲೂ ಇಲ್ಲ. ಆರಿದ ಬತ್ತಿ ಹಿಡಿದು ನಿಂತಿದ್ದಳು.

"ನನಗೆ ವಾಸನೆ ಬರೋದಿಲ್ಲ," ಎಂದೆ. "ಜನವರಿಯಿಂದ."

ಬ್ರೆಂಡನ್ ಎರಡು ಹೆಜ್ಜೆ ಹಿಂದೆ ಸರಿದರು. ಬೇಸಿಗೆಯೆಲ್ಲ ಗೇಟಿನಲ್ಲಿ ನಿಂತವನೇ ರೋಗಿ! ಅದು ಹಳೆಯ ಕಾಯಿಲೆ ಬಿಟ್ಟುಹೋದದ್ದು, ಯಾರಿಗೂ ಅಂಟುವುದಿಲ್ಲ ಎಂದು ಸುಧಾ ವಿವರಿಸಿದಳು. ಡಾಕ್ಟರಾಗಿ ವಿವರಿಸಿದಳು, ಹೆಂಡತಿಯ ಮುಖ ಬೇರೆಯೇ ಇತ್ತು.

ಬ್ರೆಂಡನ್ ನನ್ನ ಕೈಯಲ್ಲಿದ್ದ ಪಿಸ್ತೂಲನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗ್ರ್ಯಾಂಡ್," ಎಂದು ಬೀಗದ ಕೈಯನ್ನು ಮಿರಿಯಂಗೆ ಕೊಟ್ಟರು. "ಮುಂದಿನ ವರ್ಷವೂ ಇಟ್ಟುಕೊಳ್ಳಿ. ಗೇಟಿಗೆ ಮಾತ್ರ ಬೇರೆಯವರನ್ನು ನೋಡಿ." ಮಿರಿಯಂ ಬತ್ತಿಯನ್ನು ಮತ್ತೆ ಹಚ್ಚಿದಳು. ಕಟ್ಟಿದ ಮೂಗು ಬಿಟ್ಟಿತೆಂದು ಅವಳ ತಾಯಿ ಇನ್ನೊಂದು ಗಂಟು ಕೇಳಿ ಪಡೆದರು.

ಮನೆ ಬಾಗಿಲಲ್ಲಿ ಸುಧಾ ಕೇಳಿದಳು. "ಹಾಗಾದ್ರೆ ಇಷ್ಟು ದಿನ ನನ್ನ ಸಾರು?"

ನಾನು ಚಪ್ಪಲಿ ಬಿಡುವುದರಲ್ಲಿ ಮಗ್ನನಾದೆ.

ಮಾರನೆಯ ದಿನ ಎರಡು ಪಾತ್ರೆಯಲ್ಲಿ ಸಾರು ಬಂತು. ಅವಳದಕ್ಕೆ ತುಪ್ಪ, ಇಂಗು, ಕರಿಬೇವಿನ ಒಗ್ಗರಣೆ. ನನ್ನದಕ್ಕೆ ಉಪ್ಪು, ಹುಳಿ, ಖಾರ, ಬೇಳೆ ಕಟ್ಟು, ಅಷ್ಟೇ.

"ನಿಮಗ್ಯಾಕೆ ತುಪ್ಪ ದಂಡ?" ಎಂದಳು.

ಸಿಟ್ಟು ನೆತ್ತಿಗೇರಿತು. ಈ ಮನೆಯ ಯಜಮಾನನಿಗೆ ಒಗ್ಗರಣೆಯಿಲ್ಲದ ಸಾರೇ? ತಟ್ಟೆ ತಳ್ಳಿ ಏಳಬೇಕೆಂದುಕೊಂಡೆ. ಏಳುವ ಮೊದಲು, ಎಷ್ಟು ಕೆಟ್ಟದಾಗಿದೆಯೋ ಸರಿಯಾಗಿ ಬೈಯಲು ಬೇಕಲ್ಲ ಎಂದು ಎರಡೂ ಪಾತ್ರೆಯಿಂದ ಒಂದೊಂದು ಚಮಚ ಕುಡಿದು ನೋಡಿದೆ.

ಬೈಯಲಾಗಲಿಲ್ಲ. ನನಗೆ ಎರಡೂ ಒಂದೇ ಆಗಿತ್ತು!