ಜಪಾನಿ ಕ್ಯಾಸೆಟ್ಟಿನೊಳಗೆ ನನ್ನ ಭಾಷಣ

ಸಾಂಟಾ ಕ್ಲಾರಾದಲ್ಲಿ ದಿನವಿಡೀ ಕಂಪ್ಯೂಟರ್ ಚಿಪ್ ವಿನ್ಯಾಸ ಮಾಡುವ ಇಂಜಿನಿಯರಿಗೆ ಒಂದು ಕ್ಯಾಸೆಟ್ ಕಾಪಿ ಮಾಡುವುದು ಯಾವ ಮಹಾ ವಿದ್ಯೆ?

ಮಗಳು ರೇಖಾ ತನ್ನ ಹೈಸ್ಕೂಲ್ ಗೆಳತಿ ಕೇಕೋಳಿಂದ ಜಪಾನಿ ಹೆವಿ ಮೆಟಲ್ ಆಲ್ಬಂ ಒಂದನ್ನು ಎರವಲು ತಂದಿದ್ದಳು. ಕೇಕೋಳ ಅಜ್ಜಿ ಟೋಕಿಯೋದಿಂದ ಕಳಿಸಿದ್ದು. ಸಂಜೆಯೊಳಗೆ ಹಿಂದಿರುಗಿಸಬೇಕು.

"ಬರೀ ಕಿರುಚಾಟ ತಾನೇ?"

"ನೋ ಅಪ್ಪ! ಈ ಸಲ ಫುಲ್ ಮೆಲೋಡಿ. ದೇ ಹ್ಯಾವ್ ಮೆಚೂರ್ಡ್."

ಕೇಳಿದೆ. ಗಿಟಾರು ಅಬ್ಬರದ ನಡುವೆಯೂ ಇಂಪಾಗಿತ್ತು. ಗಾಯಕ ರಾಗವಾಗಿ ಹಾಡುತ್ತಿದ್ದ. ನನಗೆ ಇಷ್ಟವಾಯಿತು, ಆದರೆ ಹೇಳಲಿಲ್ಲ!

ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಕನ್ನಡ ಕೂಟದ ಯುಗಾದಿಯಲ್ಲಿ ನಾನು ಮಾಡಿದ ಭಾಷಣದ್ದೊಂದಿತ್ತು. ಮಗಳಿಗಾಗಿ ತ್ಯಾಗಕ್ಕೆ ಸಿದ್ಧನಾದೆ.

"ಧಾರಾಳವಾಗಿ ಅಳಿಸಿ. ನಿಮ್ಮನ್ನ ಬಿಟ್ಟು ಇನ್ಯಾರೂ ಅದನ್ನ ಕೇಳಿಲ್ಲ" ಎಂದಳು ಹೆಂಡತಿ ಸರಸ.

ಕ್ಯಾಸೆಟ್ಟಿನ ನೆತ್ತಿಯ ತೂತು ಮುಚ್ಚಿದರೆ ಮಾತ್ರ ಅದರ ಮೇಲೆ ರೆಕಾರ್ಡ್ ಆಗುತ್ತದೆ. ನನ್ನದಕ್ಕೆ ಟೇಪು ಅಂಟಿಸಿದೆ. ನೋಡಿದರೆ ಜಪಾನಿಯದಕ್ಕೂ ತೂತು! ಪಾಪ, ಮುಚ್ಚಲು ಮರೆತಿದ್ದಾರೆಂದು ಅದಕ್ಕೂ ಅಂಟಿಸಿ ಉಪಕಾರ ಮಾಡಿದೆ.

ಎರಡು ಕ್ಯಾಸೆಟ್ ಹಿಡಿಸುವ ಡೆಕ್ಕಿನ ಮುಂದೆ ನಿಂತಾಗ ಸರಸ ಕೇಳಿದಳು, "ಯಾವ್ದು ಎಡಕ್ಕೆ, ಯಾವ್ದು ಬಲಕ್ಕೆ? ಮ್ಯಾನ್ಯುಯಲ್ಲು ನೋಡ್ಬಾರ್ದಾ?"

"ಇಂಜಿನಿಯರಿಗೆ ಮ್ಯಾನ್ಯುಯಲ್ಲೇ!" ಎಂದು ನಕ್ಕು, ಗುಂಡಿ ಒತ್ತಿ, ದೋಸೆ ತಿನ್ನಲು ಹೋದೆ.

ಮುಗಿದ ಮೇಲೆ ರೇಖಾ ಜಪಾನಿ ಕ್ಯಾಸೆಟ್ ಹಾಕಿದಳು.

"ಸನ್ಮಾನ್ಯ ಅಧ್ಯಕ್ಷರೇ, ನೆರೆದಿರುವ ಕನ್ನಡ ಬಂಧುಗಳೇ..."

ಗಾಬರಿಯಿಂದ ಇನ್ನೊಂದನ್ನು ಹಾಕಿದೆ. ಅಲ್ಲೂ ಅಧ್ಯಕ್ಷರೇ!

ರೇಖಾ ಕೂಗಾಡಲಿಲ್ಲ. ಕಣ್ಣು ತುಂಬಿಕೊಂಡು, "ಶೀ ವಿಲ್ ನೆವರ್ ಟಾಕ್ ಟು ಮೀ, ಅಪ್ಪ" ಎಂದಳು. ಅವಳಿಗಿದ್ದದ್ದು ಆ ಒಬ್ಬಳೇ ಗೆಳತಿ.

ಅಪರಾಧಿಯಂತೆ ರೇಖಾಳ ಜೊತೆ ಯೂನಿಯನ್ ಸಿಟಿಯ ಕೇಕೋಳ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಕ್ಯಾಸೆಟ್ ಹಾಕಿದಳು. ನಾನು ಕನ್ನಡದ ಅಳಿವು ಉಳಿವಿನ ಬಗ್ಗೆ ಮೇಜು ಗುದ್ದಿ ಗುಡುಗುವ ಜಾಗ ಬಂತು. ಕೇಕೋಳ ತಲೆ ತಾಳಕ್ಕೆ ಸರಿಯಾಗಿ ಅಲ್ಲಾಡತೊಡಗಿತು!

"ವಾವ್! ದಿಸ್ ಈಸ್ ಮಚ್ ಹೆವಿಯರ್!" ಎಂದು ನಕ್ಕಳು. ರೇಖಾಳೂ ನಕ್ಕಳು. ಅಜ್ಜಿಗೆ ಹೇಳಿ ಇನ್ನೊಂದು ತರಿಸುತ್ತೇನೆ, ಇದನ್ನು ಮಾತ್ರ ಕೊಡುವುದಿಲ್ಲ ಎಂದಳು ಕೇಕೋ.

ಮನೆಗೆ ಬಂದು ಸರಸಳಿಗೆ ಎಲ್ಲ ಹೇಳಿದೆ.

"ಆ ಬ್ಯಾಂಡಿನೋರಿಗೂ ಬುದ್ಧಿ ಮಾಗಿದೆ. ನಿಮಗ್ಯಾವಾಗ?"

ನಾವು ಅಲ್ಲಿಂದ ಹೊರಡುವಾಗ ಕೇಕೋ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ನನ್ನ ಭಾಷಣವನ್ನು ಮತ್ತೆ ಹಾಕಿದ್ದಳು. ನನ್ನ ಭಾಷಣಗಳಿಗೆ ಒನ್ಸ್ ಮೋರ್ ಸಿಕ್ಕಿದ್ದು ಅದೊಂದೇ ಸಲ. ಅದೂ ಕನ್ನಡದ ಒಂದಕ್ಷರ ಬಾರದವಳಿಂದ!