ಕ್ಯಾಟ್‌ಫಿಶ್ ಹೊಂಡಕ್ಕೆ ಹೋದಾಗ

ಮೀನಿಗೆ ಮಾತು ಬರಲ್ಲ, ಅದಕ್ಕೇ ನನ್ನ ಕೆಲಸ ಸುಲಭ ಅಂತ ನಮ್ಮ ನೆಂಟರ ಲೆಕ್ಕ. ಸಾಕುವವರಿಗೆ ಬರುತ್ತಲ್ಲಾ! ಹುಣಸೂರು, ಪಿರಿಯಾಪಟ್ಟಣ ಸುತ್ತುವ ಮೀನುಗಾರಿಕೆ ಇಲಾಖೆಯವಳಿಗೆ ಅವರ ಮಾತಿನ ಪ್ರಸಂಗಗಳು ತಪ್ಪಿದ್ದಲ್ಲ. ರಾವಂದೂರು ಕಡೆಯ ಒಬ್ಬ ರೈತರ ಮನೆಯದ್ದೇ ಮೂರಿವೆ.

ಪರದೇಶಿ

ಕೆರೆ ಪಕ್ಕದಲ್ಲೇ ಅವರ ಹೊಂಡ. ಒಳಗೆ ಆಫ್ರಿಕನ್ ಕ್ಯಾಟ್‌ಫಿಶ್.

"ಇದನ್ನ ಸಾಕೋ ಹಾಗಿಲ್ಲ, ಸರ್ಕಾರ ನಿಷೇಧ ಮಾಡಿದೆ. ಮಳೆಗೆ ಹೊಂಡ ತುಂಬಿ ಕೆರೆಗೆ ಹೋಯ್ತು ಅಂದ್ರೆ ನಮ್ಮ ಮೀನನ್ನೆಲ್ಲ ತಿಂದು ಮುಗಿಸುತ್ತೆ. ತೆಗೆದುಬಿಡಿ" ಅಂದೆ.

"ಬೆರಳುದ್ದ ಇದ್ದಾಗ ತಂದಿದ್ದು ಮೇಡಂ. ನಮ್ ನೀರು ಕುಡ್ದು ಮೊಳದುದ್ದ ಆಗೈತೆ. ಇನ್ನೂ ಪರದೇಶದ್ದು ಅಂದ್ರೆ ಎಂಗೆ? ಆಧಾರ್ ಮಾಡಿಸ್ಬುಡ್ಲಾ?"

ಸ್ವಾಗತ

ಮುಂದಿನ ಸಲ ಹೋದರೆ ಹೊಂಡದ ತುಂಬ ತೆಂಗಿನ ಗರಿ. "ಎಲ್ಲಾ ಖಾಲಿ ಮಾಡ್ದೆ ಮೇಡಂ, ಒಂದೂ ಇಲ್ಲ" ಅಂದರು. ಖುಷಿಯಾಗಿ ಥ್ಯಾಂಕ್ಸ್ ಹೇಳಿ ಮೊಪೆಡ್ ಸ್ಟಾರ್ಟ್ ಮಾಡಿದೆ.

ಅಯ್ಯಪ್ಪ! ಹೊಂಡ ಕುದಿಯತೊಡಗಿತು. ಗರಿ ಸಂದಿಯಲ್ಲೆಲ್ಲ ಮೀಸೆಯ ಮೂತಿಗಳು ಬಾಯಿ ತೆರೆದು ನಿಂತಿವೆ. ಕೋಳಿ ಅಂಗಡಿಯ ಕರುಳು ದಿನಾ ಬರುತ್ತಿದ್ದದ್ದೂ ಮೊಪೆಡ್‌ನಲ್ಲೇ. ಆ ಸದ್ದಾದರೆ ಊಟ ಬಂತು ಅಂತ ಅವಕ್ಕೆ ರೂಢಿ.

ರೈತರು ತಲೆ ಕೆರೆದುಕೊಂಡರು. "ಕಪ್ಪೆ ಮೇಡಂ."

"ಮೀಸೆ ಇದೆಯಲ್ರೀ?"

"ವಯಸ್ಸಾಗಿರೋವು."

ಮಂಕರಿ

ಮುಂಗಾರಿನ ಮೋಡ ಕವಿಯಿತು. ಸುರಿದರೆ ಕೆರೆ ಕೆಟ್ಟಿತು. ಮೀನೆಲ್ಲ ಹಿಡಿದು ಹೂಳಬೇಕು, ಇಲಾಖೆಯಿಂದ ಬಂದವಳು ನಾನೊಬ್ಬಳೇ. ಅಳು ಬರುವ ಹಾಗಾಯಿತು. ರೈತರು ಹೊಂಡಕ್ಕೆ ಅಡ್ಡ ನಿಂತು ಕದಲರು.

ಆಗ ಅವರ ಅವ್ವ ಬಂದು ಮಗನನ್ನು ಗದರಿದರು: "ಲೇ, ಕೆರೆ ನಿಮ್ಮಪ್ಪಂದೇನ್ಲಾ? ಊರೆಲ್ಲ ಅಲ್ಲೇ ಮೀನ್ ಹಿಡಿಯೋದು. ಬಲೆ ತಗಂಡ್ ಬಾ!"

ಮಗ ಬಲೆ ತಂದರು. ಕೇರಿಯವರು ಗುಂಡಿ ತೋಡಿದರು. ಅವ್ವ ಬಿದಿರಿನ ಬುಟ್ಟಿ, ಅವರ ಮಂಕರಿಯಲ್ಲಿ ಮೀನು ಹೊತ್ತು ತಂದು ಸುರಿದರು, ಸುಣ್ಣ ಹಾಕಿ ಮುಚ್ಚುತ್ತಾ ಬಂದೆವು. ಕರೆಯದೇ ಬಂದ ಆ ಜನರ ಋಣ ನನ್ನ ಮೇಲೆ ಇಂದಿಗೂ ಇದೆ.

ಮಳೆ ಶುರುವಾಯಿತು. ಕೊನೆಯ ದೊಡ್ಡ ಮೀನೊಂದು ಬಲೆಯಿಂದ ಜಾರಿ, ಒದ್ದೆ ಹುಲ್ಲಿನ ಮೇಲೆ ತೆವಳುತ್ತಾ ಕೆರೆ ಕಡೆಗೇ ಹೊರಟಿತು. ನಾನು ಕಿರುಚಿಕೊಂಡೆ. ಅವ್ವ ಓಡಿಹೋಗಿ ಮಂಕರಿ ಕವುಚಿ ಹಾಕಿ, ಅದರ ಮೇಲೆ ಕುಳಿತೇಬಿಟ್ಟರು.

ನನಗೆ ಕಣ್ಣು ತುಂಬಿತು. "ಅವ್ವಾ, ಕೆರೆ ಉಳಿಸಿಬಿಟ್ರಿ" ಅಂತ ಕೈ ಮುಗಿದು ನಿಂತೆ.

"ಕೈಯ ಆಮೇಲ್ ಮುಗಿಯವ್ವ ತಾಯಿ, ಮೊದ್ಲು ಇದನ್ನ ಹಿಡ್ಕೊ! ಕೆಳಗಿಂದ ಗುದ್ತಾ ಐತೆ!"