ಮೇಲಚ್ಚಿನ ಚೀಟಿಗೆ ಮಜ್ಜನ

ಈ ವರ್ಷದ ಅಂಚೆಚೀಟಿ ಪ್ರದರ್ಶನದ ಗಾಜಿನ ಪೆಟ್ಟಿಗೆಯೊಳಗೆ ನನ್ನ ಹೆಸರಿನ ಕಾರ್ಡು ಇರಲೇಬೇಕೆಂದು ನಾನು ಘೋರ ಪ್ರತಿಜ್ಞೆ ಮಾಡಿದೆ. ಹನ್ನೆರಡು ವರ್ಷದಿಂದ ಸಂಘದ ಸದಸ್ಯ ನಾನು. ಹನ್ನೆರಡು ವರ್ಷವೂ ನನ್ನ ಪಾಲಿಗೆ ಬಂದದ್ದು ಸಭಾಂಗಣದಲ್ಲಿ ಕುರ್ಚಿ ಜೋಡಿಸುವ ಕೆಲಸ!

"ಚೆನ್ನಾಗಿ ಜೋಡಿಸ್ತೀರಿ, ಅದಕ್ಕೇ ಕೊಡ್ತಾರೆ," ಎಂದಳು ಹೆಂಡತಿ.

ಇವಳಿಗೇನು ಗೊತ್ತು! ಈ ಸಲ ನನ್ನ ಬತ್ತಳಿಕೆಯಲ್ಲಿ ಬ್ರಹ್ಮಾಸ್ತ್ರವಿತ್ತು. ಹಿಂದೆ ಕೆಲವು ದೇಶಗಳು ಸಮುದ್ರದಾಚೆಯ ಬಂದರುಗಳಲ್ಲಿ ತಮ್ಮದೇ ಅಂಚೆ ಕಚೇರಿ ಇಟ್ಟುಕೊಂಡಿದ್ದವು. ಅಲ್ಲಿಗೆಂದೇ ಹೊಸ ಚೀಟಿ ಮುದ್ರಿಸುವ ತಾಳ್ಮೆ ಯಾರಿಗಿತ್ತು? ತಮ್ಮ ಮಾಮೂಲಿ ಚೀಟಿಯ ಮೇಲೆಯೇ ಬಂದರಿನ ಹೆಸರನ್ನು ಕಪ್ಪಗೆ ಒತ್ತಿ ಕಳಿಸಿಬಿಡುತ್ತಿದ್ದವು. ರಾಜನ ಮೂಗಿನ ಮೇಲೆ ಊರಿನ ಹೆಸರು! ಇದೇ ಮೇಲಚ್ಚು. ಸಂಗ್ರಹಕಾರರು ಇದಕ್ಕಾಗಿ ಜೀವ ಬಿಡುತ್ತಾರೆ.

"ಅಂದ್ರೆ ಹಳೇ ಡಬ್ಬಕ್ಕೆ ಹೊಸ ಲೇಬಲ್ಲು. ಇದಕ್ಕಿಷ್ಟು ರಾದ್ಧಾಂತ!" ಎಂದಳು ಅವಳು.

ಅಂಥದೊಂದು ಚೀಟಿ ನಮ್ಮ ಮನೆಯಲ್ಲೇ, ಅತ್ತೆಯವರ ಟ್ರಂಕಿನಲ್ಲಿತ್ತು. ಅವರ ತಂದೆ ಹಡಗಿನ ಕಂಪನಿಯ ಗುಮಾಸ್ತರಾಗಿ ಅಂಥ ಬಂದರೊಂದರಲ್ಲಿದ್ದಾಗ ಮಗಳಿಗೆ ಕಳಿಸಿದ ಲಕೋಟೆ. ಒಳಗಿನ ಕಾಗದ ಎಂದೋ ಕಳೆದುಹೋಗಿತ್ತು.

"ಅಪ್ಪನ ಅಕ್ಷರ ಅಂತ ಉಳಿದಿರೋದು ಇದೊಂದೇ. ಪ್ರದರ್ಶನ ಮುಗಿಸಿ ಜೋಪಾನವಾಗಿ ವಾಪಸ್ ಕೊಡಿ," ಎಂದರು ಅತ್ತೆ.

"ಕಣ್ಣಿನ ಹಾಗೆ ನೋಡ್ಕೋತೀನಿ ಅತ್ತೆ!" ಎಂದೆ. ಕನ್ನಡಕದಂಗಡಿಯಲ್ಲಿ ಊರಿನವರ ಕಣ್ಣು ಪರೀಕ್ಷಿಸುವವನ ಮಾತು, ತೂಕವಿತ್ತು.

ಸಂಘದ ಕಾರ್ಯದರ್ಶಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪರಿಶೀಲನೆಗೆ ಬರುವವರಿದ್ದರು. ನಿವೃತ್ತ ಪೋಸ್ಟ್ ಮಾಸ್ತರು. ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು ಕರೆಯುವುದು ಭೂತಗನ್ನಡಿ ಎಂದು. ಎಂಟು ಗಂಟೆಗೆ ನಾನು ಸಂಘದ ಕೈಪಿಡಿ ತೆರೆದೆ. ಮೂರನೇ ಅಧ್ಯಾಯ: 'ಲಕೋಟೆಯಿಂದ ಚೀಟಿ ಬಿಡಿಸುವ ವಿಧಾನ'. ಉಗುರುಬೆಚ್ಚಗಿನ ನೀರು, ಇಪ್ಪತ್ತು ನಿಮಿಷ. ಇಷ್ಟು ಸಾಕಲ್ಲ, ಮುಂದೆ ಓದುವುದೇನಿದೆ? ಬಚ್ಚಲಿನ ಟಬ್ಬಿನಲ್ಲಿ ಲಕೋಟೆಗೆ ಮಜ್ಜನ ಆರಂಭವಾಯಿತು!

ಚೀಟಿ ಸಲೀಸಾಗಿ ಬಿಟ್ಟುಕೊಂಡಿತು. ಶಾಯಿಯೂ ಅಷ್ಟೇ ಸಲೀಸಾಗಿ ಬಿಟ್ಟುಕೊಂಡಿತು. ನೀರು ನೇರಳೆಯಾಯಿತು. ವಿಳಾಸ ಈಜತೊಡಗಿತು! ಚೀಟಿಯನ್ನು ಟೇಬಲ್ಲಿನ ಮೇಲೆ ಒಣಗಲು ಹಾಕಿ, ಲಕೋಟೆಯನ್ನು ಪಕ್ಕದ ಕಸದ ಬುಟ್ಟಿಯಲ್ಲಿ ಹಳೆ ಪೇಪರಿನ ಕೆಳಗೆ ತುರುಕಿದೆ. ಹೌದು, ತುರುಕಿದೆ. ಚೀಟಿ ಗಾಜಿನ ಪೆಟ್ಟಿಗೆ ಸೇರಿದ ಮೇಲೆ ಅತ್ತೆಗೆ ಹೇಗೋ ಹೇಳಿದರಾಯಿತು ಎಂದು ಲೆಕ್ಕ ಹಾಕಿದ್ದೆ.

ತಿರುಗಿ ನೋಡಿದರೆ ಚೀಟಿಯೇ ಇಲ್ಲ! ಫ್ಯಾನು ಆರಿಸಿದೆ. ಸೋಪಿನ ಡಬ್ಬಿ ಕೊಡವಿದೆ. ಹೆಂಡತಿಯ ಚಪ್ಪಲಿಯ ಅಡಿ ನೋಡಿದೆ. ಕೊನೆಗೆ ಮಂಚದ ಕೆಳಗೆ ತೆವಳಿದೆ.

"ಏನು ಹುಡುಕ್ತಿದ್ದೀರಿ?"

"ಏನಿಲ್ಲ, ವ್ಯಾಯಾಮ."

"ಮಂಚದ ಕೆಳಗಾ?"

ಅಷ್ಟರಲ್ಲಿ ಕಾಲಿಂಗ್ ಬೆಲ್ ಸದ್ದು ಮಾಡಿತು. ಭೂತಗನ್ನಡಿ ಒಳಗೆ ಬಂದರು. ಧೂಳು ಮೆತ್ತಿದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ರೀ ಚೀಟಿ?"

"ಇಲ್ಲೇ ಎಲ್ಲೋ ಇದೆ ಸಾರ್..."

"ಎಲ್ಲೋ ಏನ್ರೀ, ನಿಮ್ಮ ಮೊಣಕೈಗೆ ಅಂಟಿದೆ!"

ಬುಟ್ಟಿಯತ್ತ ಬಗ್ಗುವಾಗ ಟೇಬಲ್ಲಿಗೆ ಮೊಣಕೈ ಊರಿದ್ದೆ. ಅವರು ಚಿಮಟದಿಂದ ಚೀಟಿಯನ್ನು ಕಿತ್ತು ಬೆಳಕಿಗೆ ಹಿಡಿದರು.

"ಮೇಲಚ್ಚು ಅಸಲಿ. ಆದ್ರೆ ಇಂಥ ಬಿಡಿ ಚೀಟಿ ನನ್ನ ಹತ್ರಾನೇ ನಲವತ್ತಿವೆ. ಅಪರೂಪ ಅಂದ್ರೆ ಆ ಬಂದರಿನ ಮುದ್ರೆ ಬಿದ್ದು ಬಂದ ಇಡೀ ಲಕೋಟೆ. ಅದೆಲ್ಲಿ?"

"ಬಿಡಿಸ್ಬಿಟ್ಟೆ ಸಾರ್. ಮೂರನೇ ಅಧ್ಯಾಯ..."

"ನಾಲ್ಕನೇದು ಓದಿದ್ರಾ? ಅದರ ಹೆಸರೇ 'ಯಾವಾಗ ಬಿಡಿಸಬಾರದು'!"

ಆಗ ಅತ್ತೆ ಕೋಣೆಯಿಂದ ಹೊರಬಂದರು. ಅವರ ಕೈಯಲ್ಲಿ ಲಕೋಟೆ, ಇಸ್ತ್ರಿ ಮಾಡಿದ್ದು. "ಕಸದ ಬುಟ್ಟೀಲಿ ಸಿಕ್ತು," ಎಂದರು ಅಷ್ಟೆ. ವಿಳಾಸವೆಲ್ಲ ಕದಡಿ, ಅವರ ಹೆಸರಿನ ಮೊದಲೆರಡು ಅಕ್ಷರ ಮಾತ್ರ ಉಳಿದಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ತಪ್ಪಾಯ್ತು ಅತ್ತೆ," ಎಂದೆ.

ಅವರು ಕಾರ್ಯದರ್ಶಿಯತ್ತ ತಿರುಗಿದರು. "ಇದನ್ನ ಹೀಗೇ ಪ್ರದರ್ಶನಕ್ಕೆ ಇಡಬಹುದಾ?"

ಭೂತಗನ್ನಡಿ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಡಬಹುದು. ಖಂಡಿತ ಇಡಬೇಕು!"

ಅತ್ತೆ ಎಂದರೆ ಇಂಥವರಿರಬೇಕು! ಪ್ರದರ್ಶನದ ದಿನ ಕುರ್ಚಿ ಜೋಡಿಸಿದವನೇ ಗಾಜಿನ ಪೆಟ್ಟಿಗೆಯತ್ತ ಓಡಿದೆ. ಎಲ್ಲಕ್ಕಿಂತ ದೊಡ್ಡ ಗುಂಪು ಅಲ್ಲೇ ಸೇರಿತ್ತು. ಲಕೋಟೆ, ಪಕ್ಕದಲ್ಲಿ ಚೀಟಿ, ಮೇಲೊಂದು ಫಲಕ: 'ಹೊಸಬರೇ, ಹೀಗೆ ಮಾಡಬೇಡಿ'. ಕೆಳಗೆ ಕಾರ್ಡೂ ಇತ್ತು. ಅದರಲ್ಲಿ ನನ್ನ ಹೆಸರು ಮಾತ್ರ ಇರಲಿಲ್ಲ. ಅತ್ತೆಯವರ ದುಂಡು ಅಕ್ಷರದಲ್ಲಿ ಎರಡೇ ಸಾಲು:

'ಲಕೋಟೆ: ಅತ್ತೆಯದು.
ನೀರು: ಅಳಿಯನದು.'